ವೆರ್ಜಿನೆಯ ಮಾತು ಕದ್ದವನು

"ಏನ್ರೀ, ಆಗಿಂದ ನೋಡ್ತಾನೇ ಇದೀರಲ್ಲ... ನನ್ನ ಮುಖಕ್ಕೆ ಕಾಫಿಪುಡಿ ಮೆತ್ಕೊಂಡಿದೆಯಾ?"

ವೆರ್ಜಿನೆಯ ಗದರಿಕೆಗೆ ಇಡೀ ಕಾಫಿ ಅಂಗಡಿಯೇ ತಿರುಗಿ ನೋಡಿತು. ಮೂಲೆಯಲ್ಲಿ ಕೂತಿದ್ದವನು ಕಿವಿಯವರೆಗೂ ಕೆಂಪಾದ.

"ನೋಡ್ತಿರಲಿಲ್ಲ... ಕೇಳ್ತಿದ್ದೆ."

ಕೇಳ್ತಿದ್ದನಾ? ಏನನ್ನು? ಈಗಷ್ಟೇ ಮೀನಿನವನ ಜೊತೆ ಕಿತ್ತಾಡಿದ್ದು ಬಿಟ್ಟರೆ ಅವಳು ಬಾಯೇ ಬಿಟ್ಟಿರಲಿಲ್ಲವಲ್ಲ!

"ಅವರು ಗರೆಗಿನ್ ಕಣೇ," ಅಂಗಡಿ ನಡೆಸುವ ಅವಳ ಸೋದರಮಾವ ಪಿಸುಗುಟ್ಟಿದ. "ಇಸ್ತಾಂಬುಲ್‌ನಲ್ಲಿ ದೊಡ್ಡ ನಾಟಕಕಾರರಾಗಿದ್ರು. ನಮ್ಮ ಅರ್ಮೇನಿಯನ್ನರನ್ನ ಕೊಂದಾಗ ಜೀವ ಉಳಿಸ್ಕೊಂಡು, ನಮ್ಮ ಹಾಗೇ ಬಲ್ಗೇರಿಯಾದ ಈ ಪ್ಲೋವ್ದಿವ್‌ಗೆ ಬಂದಮೇಲೆ ಒಂದಕ್ಷರ ಬರೆದಿಲ್ವಂತೆ."

ಅಂದಿನಿಂದ ಗರೆಗಿನ್ ದಿನಾ ಬಂದ. ಅವನ ಪ್ರಶ್ನೆಗಳೋ, ಒಂದಕ್ಕಿಂತ ಒಂದು ವಿಚಿತ್ರ!

"ನಿಮ್ಮೂರಲ್ಲಿ ಸೋಮಾರಿ ಗಂಡನ್ನ ಏನಂತ ಬೈತಿದ್ರು?"

"ಹಸಿ ಕಟ್ಟಿಗೆ ಅಂತ! ಹೊಗೆ ಬೇಕಾದಷ್ಟು, ಉರಿ ಮಾತ್ರ ಇಲ್ಲ."

ಅವನು ಬಿದ್ದು ಬಿದ್ದು ನಕ್ಕ. ಆದರೆ ನಗುತ್ತಲೇ ಕಣ್ಣು ಯಾಕೆ ತುಂಬಿತು? 'ಇವನ ಒಳಗೆ ಏನಿದೆ...' ಆ ಕುತೂಹಲ ಅವಳನ್ನು ಬಿಡಲಿಲ್ಲ. ಅವನು ಬರುವ ಹೊತ್ತಿಗೆ ಕೈ ತಾನಾಗಿ ಕೂದಲು ತೀಡುತ್ತಿತ್ತು.

ಚಳಿಗಾಲ ಬಂದಿತು. ಅವನು ಬರಲಿಲ್ಲ. ಹೇಳದೆ, ಕೇಳದೆ...

ವಸಂತದ ಒಂದು ಭಾನುವಾರ ಅರ್ಮೇನಿಯನ್ನರ ಶಾಲೆಯಲ್ಲಿ ಗರೆಗಿನ್‌ನ ಹೊಸ ನಾಟಕ! ವೆರ್ಜಿನೆ ಹೋಗಿ ಕೂತಳು. ಪರದೆ ಸರಿಯಿತು. ವೇದಿಕೆಯ ಮೇಲೆ ಹೆಂಡತಿಯೊಬ್ಬಳು ಸೋಮಾರಿ ಗಂಡನೆದುರು ಸೊಂಟಕ್ಕೆ ಕೈಯಿಟ್ಟು, ವೆರ್ಜಿನೆಯದೇ ಹಳ್ಳಿ ರಾಗದಲ್ಲಿ ಕಿರುಚಿದಳು:

"ಹಸಿ ಕಟ್ಟಿಗೆ ನೀನು!"

ಸಭೆ ಹೋ ಎಂದು ನಕ್ಕಿತು. ವೆರ್ಜಿನೆಯ ಮೈ ಉರಿದುಹೋಯಿತು. 'ಅಂದ್ರೆ... ನನ್ನ ಹತ್ರ ಬರ್ತಿದ್ದಿದ್ದು ಇದಕ್ಕಾ?'

ಅವಳು ಎದ್ದು ಹೊರಗೆ ನಡೆದಳು. ಅವನು ಹಿಂದೆಯೇ ಓಡಿಬಂದ.

"ಹೋಗಿ, ಚಪ್ಪಾಳೆ ತಗೊಳ್ಳಿ! ಹಳ್ಳಿ ಗುಗ್ಗೂನ ಆಡ್ಕೊಂಡು ಎಲ್ಲರೂ ನಗ್ತಿದಾರಲ್ಲ!"

"ಒಂದ್ಸಲ ಒಳಗೆ ನೋಡಿ, ವೆರ್ಜಿನೆ."

ತೆರೆದ ಬಾಗಿಲಿನಿಂದ ಕಂಡಿತು. ಮುಂದಿನ ಸಾಲಿನ ಅಜ್ಜಿಯರು ಆ ಬೈಗುಳವನ್ನೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾ, ನಗುತ್ತಾ, ಸೆರಗಿನಂತಿದ್ದ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ನಮ್ಮ ಊರು, ಬೀದಿ, ಆ ಮಾತು ಎಲ್ಲ ಇಲ್ಲವಾದ್ವು," ಎಂದ ಗರೆಗಿನ್. " ಬರೆಯೋಕೆ ಕೂತ್ರೆ ನನ್ನ ಪಾತ್ರಗಳ ಮಾತು ಪತ್ರಿಕೆ ಓದಿದ ಹಾಗಿರ್ತಿತ್ತು, ಹರಿದು ಹಾಕ್ತಿದ್ದೆ. ನೀವು ಮೀನಿನವನಿಗೆ ಬೈದ ದಿನ... ಸತ್ತೋರೆಲ್ಲ ಮತ್ತೆ ಮಾತಾಡಿದ್ರು."

ವೆರ್ಜಿನೆ ಒಳಗಿನ ಅಜ್ಜಿಯರನ್ನು ಇನ್ನೊಮ್ಮೆ ನೋಡಿದಳು. ಆದರೂ ಬಿಡಲಿಲ್ಲ.

"ಕೇಳಿದ್ರೆ ಕೊಡ್ತಿರಲಿಲ್ವಾ? ಕದಿಯೋದ್ಯಾಕೆ?"

"ತಪ್ಪಾಯ್ತು. ಕೇಳಿದ್ರೆ ನೀವು ಎಚ್ಚರದಿಂದ ಮಾತಾಡ್ತೀರಿ ಅಂತ ಹೆದರಿದೆ."

"ಮತ್ತೆ ಚಳಿಗಾಲವೆಲ್ಲ ನಾಪತ್ತೆ?"

"ಬರೀತಿದ್ದೆ. ಮುಗಿದ ಮೇಲೆ ಅಂಗಡಿಗೆ ಬರೋಕೆ ನೆಪವೇ ಸಿಗಲಿಲ್ಲ."

"ಕಾಫಿ ಇರಲಿಲ್ವಾ?"

"ನಂಗೆ ಕಾಫಿ ಸೇರಲ್ಲ..."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಮೊದಲು ನಿನ್ನ ಮಾತು ಬೇಕಿತ್ತು. ಈಗ ನೀನೇ ಬೇಕು. ನನ್ನ ಮದುವೆ ಆಗ್ತೀಯಾ?"

"ಉತ್ತರ ಹೇಳ್ತೀನಿ. ಆದ್ರೆ ಇದನ್ನ ಯಾವ ನಾಟಕಕ್ಕೂ ಹಾಕಬಾರದು."

"ಆಣೆ ಮಾಡ್ತೀನಿ."

ವೆರ್ಜಿನೆ ತುದಿಗಾಲಲ್ಲಿ ನಿಂತು ಅವನ ಕಿವಿಯಲ್ಲಿ ಏನೋ ಉಸುರಿದಳು.

"ಇನ್ನೊಂದ್ಸಲ... ಸರಿಯಾಗಿ ಕೇಳಿಸ್ಲಿಲ್ಲ."

"ಸುಳ್ಳುಗಾರ!" ಎಂದಳು ಅವಳು.

ಎಂದವಳು ಮತ್ತೊಮ್ಮೆ ಹೇಳಿದಳು.