ಕೆರೆಯ ಪಾಠಕ್ಕೆ ಚಿತ್ರ ಬರೆದವನು

"ಬಾಣಗಳೆಲ್ಲ ಉಲ್ಟಾ ಆಗಿವೆ," ಎನ್ನುತ್ತ ಅವಳು ಹಾಳೆಯನ್ನು ಅವನ ಮೇಜಿನ ಮೇಲಿಟ್ಟಳು.

ಚಿತ್ರಕಾರ ತಲೆಯೆತ್ತಿದ. ಅವನ ಮೂಗಿನ ತುದಿಗೆ ಹಸಿರು ಬಣ್ಣ ಮೆತ್ತಿತ್ತು. ನಾಲ್ಕು ಮಾತು ಆಡಿಯೇ ಬಿಡಬೇಕೆಂದು ಮೆಟ್ಟಿಲು ಹತ್ತಿ ಬಂದವಳಿಗೆ ಆ ಮೂಗು ಕಂಡು ಮಾತೇ ಮರೆತುಹೋಯಿತು.

ಅವಳು ವಿಜ್ಞಾನದ ಟೀಚರ್. ವರ್ಷದ ಮಟ್ಟಿಗೆ ಪಠ್ಯಪುಸ್ತಕ ಕಚೇರಿಗೆ ಬಂದು ಏಳನೇ ತರಗತಿಗೆ ಪರಿಸರದ ಪಾಠ ಬರೆಯುತ್ತಿದ್ದಳು. ಅದಕ್ಕೆ ಚಿತ್ರ ಬರೆಯುವ ಕೆಲಸ ಅವನ ಪಾಲಿಗೆ ಬಂದಿತ್ತು.

ಹಾವು ಕಪ್ಪೆಯನ್ನು ತಿನ್ನುವುದರಿಂದ ಬಾಣವೂ ಹಾವಿನಿಂದ ಕಪ್ಪೆಯ ಕಡೆಗೇ ಹೋಗಬೇಕು ಎಂದುಕೊಂಡಿದ್ದ ಅವನು. ಆಹಾರ ಸರಪಳಿಯಲ್ಲಿ ಬಾಣ ತೋರಿಸುವುದು ಶಕ್ತಿ ಎತ್ತ ಸಾಗುತ್ತದೆ ಎಂಬುದನ್ನು ಎಂದು ಅವಳು ಬಿಡಿಸಿ ಹೇಳಿದಳು. ಹುಲ್ಲು ಬಿಸಿಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಹುಲ್ಲಿನಿಂದ ಮಿಡತೆಗೆ, ಮಿಡತೆಯಿಂದ ಕಪ್ಪೆಗೆ, ಕಪ್ಪೆಯಿಂದ ಹಾವಿಗೆ, ಹಾವಿನಿಂದ ಹದ್ದಿಗೆ... ಪ್ರತಿ ಹೆಜ್ಜೆಗೂ ಆ ಶಕ್ತಿಯಲ್ಲಿ ಸ್ವಲ್ಪವೇ ಉಳಿಯುತ್ತ ಹೋಗುತ್ತದೆ.

ಅವನು ಕುಂಚ ಕೆಳಗಿಟ್ಟು ಕೇಳಿಸಿಕೊಂಡ.

"ಹಾಗಾದ್ರೆ ಹದ್ದಿನ ಹೊಟ್ಟೆಯಲ್ಲೂ ಇರೋದು ಬಿಸಿಲೇ ಅನ್ನಿ," ಎಂದ ಮೆಲ್ಲಗೆ.

ಆ ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಆ ಮಾತು ನೆನಪಾಯಿತು. ಏನೇ ಒಬ್ಬಳೇ ನಗ್ತಿದ್ದೀಯಾ ಎಂದು ಅಕ್ಕ ಕೇಳಿದಾಗ, ಏನಿಲ್ಲ ಎಂದು ತಟ್ಟೆಯ ಕಡೆ ನೋಡಿದಳು.

ಕಣ್ಣಾರೆ ಕಾಣದೆ ಬರೆಯಲಾರೆ ಎಂದು ಅವನು ಹೇಳಿದ್ದರಿಂದ, ಭಾನುವಾರ ಬೆಳಿಗ್ಗೆ ಊರಾಚೆಯ ಕೆರೆಗೆ ಹೋಗುವುದು ರೂಢಿಯಾಯಿತು. ಮಂಜು ನೀರಿನ ಮೇಲೆ ಹಾಲಿನ ಕೆನೆಯಂತೆ ನಿಂತಿರುತ್ತಿತ್ತು. ಬೆಳ್ಳಕ್ಕಿಗಳು ಮಂಜಿನೊಳಗಿಂದ ಒಂದೊಂದಾಗಿ ಮೂಡಿ ಬರುತ್ತಿದ್ದವು. ಅವಳು ಕೊಳೆತ ಎಲೆ ಎತ್ತಿ, ಇದನ್ನು ಮತ್ತೆ ಮಣ್ಣಾಗಿಸುವ ಜೀವಿಗಳು ಕಣ್ಣಿಗೂ ಕಾಣುವುದಿಲ್ಲ, ಅವು ಇಲ್ಲದಿದ್ದರೆ ಕೆರೆಯೇ ಇಲ್ಲ ಎನ್ನುತ್ತಿದ್ದಳು. ಅವನು ಎಲೆಯನ್ನು ಅಂಗೈಯಲ್ಲಿಟ್ಟು, ಅದರ ನರಗಳಷ್ಟೇ ಉಳಿದ ಬಲೆಯನ್ನು ಬಹಳ ಹೊತ್ತು ನೋಡುತ್ತಿದ್ದ. ಹಿಂದಿರುಗುವಾಗ ಇಬ್ಬರ ಚಪ್ಪಲಿಗೂ ಕಪ್ಪು ಕೆಸರು.

ಇದು ಎಲ್ಲಿಗೆ ಹೋಗ್ತಿದೆ... ಎಂದು ಅವಳ ಮನಸ್ಸು ಹೆದರುತ್ತಿತ್ತು. ಹಿಂದೊಮ್ಮೆ ಅವಳ ನಿಶ್ಚಿತಾರ್ಥ ಮುರಿದಿತ್ತು. ಕಾರಣವನ್ನು ಯಾರೂ ಹೇಳಿರಲಿಲ್ಲ. ಅಂದಿನಿಂದ ಅಕ್ಕ ಭಾವನ ಮನೆಯಲ್ಲಿ, ಯಾರಿಗೂ ಭಾರವಾಗದಂತೆ ಇದ್ದುಬಿಟ್ಟಿದ್ದಳು.

ಒಂದು ಸಂಜೆ ಅಕ್ಕ ಅವಳನ್ನು ಕರೆದೊಯ್ಯಲು ಕಚೇರಿಗೆ ಬಂದಿದ್ದಳು. ಜೀವಿಗಳ ನಡುವಿನ ಸಂಬಂಧಗಳ ಪುಟ ಆಗಷ್ಟೇ ಮುಗಿದಿತ್ತು. ಹೂವಿಗೂ ಜೇನಿಗೂ, ಇಬ್ಬರಿಗೂ ಲಾಭ. ನಾಯಿಗೂ ಅದರ ರಕ್ತ ಹೀರುವ ಉಣ್ಣಿಗೂ, ಒಬ್ಬರಿಗೆ ಮಾತ್ರ. ಚಿತ್ರಗಳನ್ನು ಜೋಡಿಸುತ್ತ ಅವನು ಕೇಳಿದ.

"ಟೀಚರೇ, ನಾವಿಬ್ರು ಇದರಲ್ಲಿ ಯಾವುದು?"

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ತಂಗಿಯ ಮುಖಕ್ಕೆ ರಕ್ತ ನುಗ್ಗಿತು.

"ಯಾವುದೂ ಅಲ್ಲ. ನಿಮ್ಮಿಂದ ನನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ."

ಅವನು ಸರಿ ಎಂಬಂತೆ ತಲೆಯಾಡಿಸಿದ. ಮರುವಾರ ಅವನ ಮೇಜು ಖಾಲಿಯಿತ್ತು. ತಾನೇ ಕೇಳಿಕೊಂಡು ಗಣಿತದ ವಿಭಾಗಕ್ಕೆ ಹೋಗಿದ್ದಾನೆಂದು ತಿಳಿಯಿತು. ಪರಿಸರ ಬಿಟ್ಟು ತ್ರಿಕೋನ ಬರೆಯಲು ಹೋದನಲ್ಲ, ಅಷ್ಟು ಬೇಗ ಬೇಸರವಾದೆನೇ ನಾನು... ಎಂದು ಅವಳು ಒಳಗೊಳಗೇ ಬೆಂದಳು. ಭಾನುವಾರಗಳು ಬಂದು ಹೋದವು. ಅವಳು ಹಾಸಿಗೆಯಲ್ಲೇ ಮಲಗಿ ಚಾವಣಿ ನೋಡುತ್ತಿದ್ದಳು.

ಕೊನೆಗೆ ಒಂದು ಭಾನುವಾರ ಅಕ್ಕನೇ ಬಂದು ಪಕ್ಕದಲ್ಲಿ ಕೂತಳು.

"ಅವತ್ತು ನೀನು ಹಾಗಂದಾಗ ಅವರ ಮುಖ ನೋಡಿದ್ಯೇನೇ? ನಾನು ನೋಡ್ದೆ."

"ನೀನಿದ್ದೆಯಲ್ಲ ಅಕ್ಕಾ... ಅದಕ್ಕೇ..."

"ನಾನೇನು ಹುಲಿಯಾ? ನಿನ್ನ ಭಾವನೂ ಕೇಳ್ತಿದ್ರು, ಇವಳು ಈಗ ಯಾಕೆ ಕೆರೆಗೆ ಹೋಗಲ್ಲ ಅಂತ. ನೀನು ನಮಗೆ ಯಾವತ್ತೂ ಭಾರ ಆಗಿಲ್ಲ ಕಣೇ. ಆದ್ರೆ ಹೀಗೆ ಮಲಗಿರೋದನ್ನ ನೋಡೋಕಾಗಲ್ಲ. ಏಳು."

ಅವಳು ಎದ್ದಳು. ಜಡೆಯನ್ನೂ ಸರಿಯಾಗಿ ಹೆಣೆಯದೆ ಹೊರಟಳು.

ಅವನು ಕೆರೆ ಏರಿಯ ಮೇಲೆ ಕೂತಿದ್ದ. ಕೈಯಲ್ಲಿ ಕುಂಚವಿರಲಿಲ್ಲ. ಮಂಜು ಇನ್ನೂ ಬಿಟ್ಟಿರಲಿಲ್ಲ. ಬೆಳಕು ನೀರಿನೊಳಗಿಂದಲೇ ಬರುತ್ತಿರುವಂತಿತ್ತು. ಅವಳು ಬಂದು ಪಕ್ಕದಲ್ಲಿ ಕೂತಳು.

"ಅವತ್ತು ಹೇಳಿದ್ದು ನಿಜವಲ್ಲ," ಎಂದಳು. "ಅಕ್ಕ ಇದ್ದಳು, ಭಯ ಆಯ್ತು. ನೀವು ಹೋದ ಮೇಲೆ ನನಗೆ ಪಾಠ ಬರೆಯೋಕೂ ಆಗ್ತಿಲ್ಲ, ನಿದ್ದೇನೂ ಬರ್ತಿಲ್ಲ."

ಅವನು ನೀರನ್ನೇ ನೋಡುತ್ತ, ತನ್ನಿಂದ ಅವಳಿಗೆ ಮುಜುಗರವಾಗಬಾರದೆಂದು ದೂರ ಹೋದದ್ದೆಂದೂ, ಆದರೂ ಪ್ರತಿ ಭಾನುವಾರ ಕಾಲು ಇಲ್ಲಿಗೇ ಎಳೆದು ತರುತ್ತಿತ್ತೆಂದೂ ಹೇಳಿದ.

"ನನಗೆ ನೀವು ಬೇಕು," ಎಂದ. "ಇದನ್ನ ಅವತ್ತೇ ನೆಟ್ಟಗೆ ಹೇಳಬೇಕಿತ್ತು. ತಮಾಷೆ ಮಾಡೋಕೆ ಹೋದೆ."

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. ಎದುರು ದಡದ ಮರಗಳು ನಿಧಾನವಾಗಿ ಕಾಣತೊಡಗಿದವು.

"ಇನ್ನೂ 'ನೀವು' ಅಂತಾನೇ ಕರೀಬೇಕಾ?" ಅವನು ಕೇಳಿದ.

"ಬೇಡ."

ಅವನು ತುಸು ತಡೆದ. ಆ ಹೊಸ ಪದವನ್ನು ಬಾಯಲ್ಲಿ ಇಟ್ಟುಕೊಂಡು ನೋಡುವಂತೆ.

"ನಿನಗೆ ಚಳಿ ಆಗ್ತಿದ್ಯಾ?"

"ಇಲ್ಲ," ಎಂದಳು ಅವಳು.

ಆಮೇಲೆ ಇನ್ನಷ್ಟು ಹತ್ತಿರ ಸರಿದು, ಅವನ ಭುಜಕ್ಕೆ ತಲೆಯಾನಿಸಿ ಪಿಸುಗುಟ್ಟಿದಳು, "ಸ್ವಲ್ಪ..."