ಅಮರಮ್ಮನ ಮೊಳ

"ಥೂ!" ಎಂದಳು ಅಮರಮ್ಮ. ಮಾನ್ವಿಯ ಸಾಹುಕಾರರ ಹೊಸ ಮನೆಯ ನಕ್ಷೆ ಮರಳಿನ ಗುಡ್ಡೆಯ ಮೇಲೆ ಹರಡಿತ್ತು. "ಅಡಗಿಮನಿ ಗ್ವಾಡಿಗೇ ಪಾಯಖಾನಿ! ಇದನ್ನ ಬರದಾಂವ ಉಣ್ಣಾಂವನೋ ಅಲ್ಲೋ?"

"ಉಣ್ತೀನ್ರಿ. ದಿನಾ ಎರಡು ಹೊತ್ತು," ಎಂದಿತು ಬೆನ್ನ ಹಿಂದಿನ ದನಿ.

ಮೌನಪ್ಪ. ದೇವದುರ್ಗದಲ್ಲಿ ಗೋಡೆ ಕಟ್ಟುವ ಗೌಂಡಿಯ ಮಗ. ಮುಂಬೈಯಲ್ಲಿ ಓದಿ, ಆರ್ಕಿಟೆಕ್ಟ್ ಆಗಿ, ರಾಯಚೂರು ಸ್ಟೇಷನ್ ಹತ್ತಿರ ಆಫೀಸು ತೆರೆದವನು. ಅವಳು ತುಳಿಯುತ್ತಿದ್ದ ಗಾರೆ ಗಚ್ಚಿನ ವಾಸನೆಗೆ, ಸುಣ್ಣದಲ್ಲಿ ಕೊಳೆತ ಬೆಲ್ಲದ ಆ ಹುಳಿ ನಾತಕ್ಕೆ, ಅವನ ಅತ್ತರಿನ ಕರವಸ್ತ್ರ ಮೂಗಿಗೇರಿತು. ಅವಳಿಗೆ ಮೈಯೆಲ್ಲ ಅಸಹ್ಯವಾಯಿತು. ಗೌಂಡಿಯ ಮನೆಯಲ್ಲೇ ಹುಟ್ಟಿ ಗಚ್ಚಿಗೆ ಮೂಗು ಮುಚ್ಚುತ್ತಾನಂತೆ, ಇವನ ಸೊಕ್ಕೇ! ಕಣ್ಣು ಮಾತ್ರ ಚೆಂದ ಇದ್ದವು. ಅದಂತೂ ಇನ್ನೂ ಅಸಹ್ಯ.

ಅಮರಮ್ಮನ ಅಪ್ಪ, ಗೌಂಡಿ ಉರುಕುಂದಪ್ಪ ಮೊಳಕೋಲು ಹಿಡಿದು ಬಂದ. ಅವನು ಕಟ್ಟುವ ಒಂದೊಂದು ಮನೆಗೂ ಒಂದೊಂದು ಕೋಲು. ಆ ಮನೆಯಲ್ಲಿ ಬಾಳುವ ಹೆಣ್ಣಿನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಅಳೆದು ಕೊಯ್ದದ್ದು. ಬಾಗಿಲು, ಒಲೆಕಟ್ಟೆ, ಗೂಡು ಎಲ್ಲ ಅದರ ಲೆಕ್ಕದಲ್ಲೇ. ಇದು ಸಾಹುಕಾರರ ಹೆಂಡತಿ ಮಹಾಂತಮ್ಮನ ಕೋಲು.

"ಅದು ಬ್ಯಾಡ ಯಪ್ಪಾ, ಫೂಟಿನ್ಯಾಗ ಕಟ್ಟ್ರಿ," ಎಂದ ಮೌನಪ್ಪ. "ಮುಂದಿನ ಕಾಲಕ್ಕ ಕಾಗದ ಇಲ್ದ ಒಂದು ಕಲ್ಲೂ ಕೂಡಂಗಿಲ್ಲ. ಯೋಚನಿ ಆರ್ಕಿಟೆಕ್ಟಂದು, ಕೈ ಗೌಂಡಿದು."

ಅಪ್ಪ ಕೋಲನ್ನು ನೆಲಕ್ಕಿಟ್ಟ. "ಬರೇ ಕೈ ಅಂದ್ರ ನನ್ನಿಂದ ಆಗಂಗಿಲ್ಲಪ್ಪಾ. ಇವತ್ತಿಗೆ ಕರಣಿ, ಕೆಲಸ ಎರಡೂ ಬಿಟ್ಟೆ."

ಅಪ್ಪನ ಕೋಲು ನೆಲ ಮುಟ್ಟಿದ್ದನ್ನು ಅಮರಮ್ಮ ಎಂದೂ ನೋಡಿರಲಿಲ್ಲ. ಅವಳು ಮೌನಪ್ಪನತ್ತ ತಿರುಗಿದಳು.

"ಬರ್ರಿ ಸಾಹೇಬರ. ಅಡಗಿಮನಿಗೆ ಗುರುತು ಹೊಡದ ಗೂಟದೊಳಗ ನಿಂದರ್ರಿ."

ಅವನು ನಗುತ್ತ ನಿಂತ. ಅವಳು ಪಾಯಖಾನೆಯ ಗೂಟದ ಬಳಿ ಸಗಣಿ ಕುಳ್ಳಿನ ಮೇಲೆ ಹಸಿ ಹುಲ್ಲು ಒಟ್ಟಿ ಬೆಂಕಿ ಹಚ್ಚಿದಳು. ಆಷಾಢದ ಗಾಳಿ ಹೊಗೆಯನ್ನೆಲ್ಲ ತಂದು ಅವನ ಮುಖಕ್ಕೇ ಸುರಿಯಿತು. ಅತ್ತರು ಯಾವ ಮೂಲೆಗೂ ಸಾಲಲಿಲ್ಲ.

"ಮುಂಬೈ ಗಾಳಿ ನನಗ ಗೊತ್ತಿಲ್ಲ. ಮಾನ್ವಿ ಗಾಳಿ ಪಡುವಣದಿಂದ ಬರ್ತದ. ಮಹಾಂತಮ್ಮ ಇಲ್ಲಿ ದಿನಾ ರೊಟ್ಟಿ ಬಡೀಬೇಕು, ಆ ಹೊಲಸು ನಾತ ಕುಡಕೋತ! ಇದನ್ನ ನಮ್ಮಪ್ಪ ಕಾಗದ ಇಲ್ದ ಹೇಳ್ತಾನ."

ಕೆಮ್ಮಿ ಕೆಮ್ಮಿ ಅವನ ಕಣ್ಣಲ್ಲಿ ನೀರು. ತೋಳಿನಿಂದ ಒರೆಸಿಕೊಂಡು, ಬಗ್ಗಿ, ಕೋಲೆತ್ತಿ ಧೂಳು ಕೊಡವಿ ಉರುಕುಂದಪ್ಪನ ಕೈಗಿಟ್ಟ. "ತಪ್ಪಾತು ಯಪ್ಪಾ. ಮಾನ್ವಿಗೆ ಮುಂಬೈ ಮನಿ ಬರದೆ."

ಆಮೇಲೆ ಪ್ಯಾಂಟು ಮಡಚಿ ಗಚ್ಚಿಗಿಳಿದ. ಮುಖ ಕಿವುಚಿತು.

"ಓಕರಿಕಿ ಬರ್ತದೇನ್ರಿ?"

"ಬರ್ತದ. ಆದ್ರೂ ತುಳೀತೀನಿ," ಎಂದು ಅವಳನ್ನೇ ನೋಡಿದ. ಅವಳು ಸುಣ್ಣ ಮೆತ್ತಿದ ತನ್ನ ಪಾದ ನೋಡಿಕೊಂಡಳು.

ಸಾಹುಕಾರರು ಹೊಸ ಮನೆಗೆ ಹಾಲುಕ್ಕಿಸಿದ ದಿನ ಮೌನಪ್ಪ ಬೇರೊಂದು ನಕ್ಷೆ ತಂದು ಉರುಕುಂದಪ್ಪನ ಮುಂದೆ ಹಾಸಿದ. "ದೇವದುರ್ಗದಾಗ ನನ್ನ ಮನಿ. ಗೆರಿ ನಂದು, ಗಾಳಿ ಬೆಳಕು ನೀವು ಹೇಳ್ಬೇಕು. ಇನ್ನ ಮುಂದ ಆರ್ಕಿಟೆಕ್ಟನ ಕೆಲಸ ಅಂದ್ರ, ಕೇಳಿ ಬರಿಯೋದು."

"ಅಳತಿನ ಇಲ್ಲಲ್ಲೋ ಇದರಾಗ?" ಎಂದ ಉರುಕುಂದಪ್ಪ.

ಮೌನಪ್ಪ ಕೊಯ್ಯದ ಉದ್ದನೆಯ ಕೋಲೊಂದನ್ನು ಅಮರಮ್ಮನತ್ತ ಚಾಚಿದ. ಕಿವಿ ಕೆಂಪಾಗಿದ್ದವು. "ಯಜಮಾನ್ತಿದು ಒಂದು ಮೊಳ ಬೇಕಾಗ್ಯದ. ನಿಮಗ ಅಸಹ್ಯ ಆಗಲಿಲ್ಲಂದ್ರ."

ಅಪ್ಪ ಮುಖ ಆಚೆ ತಿರುಗಿಸಿ ಸುಮ್ಮಸುಮ್ಮನೆ ಕೆಮ್ಮಿದ. ಅಮರಮ್ಮ ಮೊದಲು ನಕ್ಷೆ ಕಸಿದು ನೋಡಿದಳು. ಪಾಯಖಾನೆ ಹಿತ್ತಲ ಮೂಡಣ ಮೂಲೆಯಲ್ಲಿತ್ತು.

"ಇನ್ನೂ ನಾಕು ಮಾರು ದೂರ ಸರಸ್ರಿ," ಎಂದು, ಸೆರಗಿಗೆ ಅಂಗೈ ಒರೆಸಿಕೊಂಡು, ಕೋಲಿನ ಮೇಲೆ ಕೈ ಚಾಚಿದಳು.