ಬುಧವಾರದ ಹಸಿರು

ಕಂಬಳಿಯ ನಡುವೆ ಒಂದು ಗೆರೆ ಎದ್ದು ಕಾಣುತ್ತಿತ್ತು. ಗೆರೆಯ ಮೇಲಿನದು ಹುಲ್ಲಿನ ಹಸಿರು, ಕೆಳಗಿನದು ಕಾಮಾಲೆ ಹತ್ತಿದ ಹಸಿರು. ಅವಳು ಮಗ್ಗ ನಿಲ್ಲಿಸಿ ಆ ಗೆರೆಯ ಮೇಲೆ ಬೆರಳಾಡಿಸಿದಳು. ನೇಯ್ಗೆಯಲ್ಲಿ ತಪ್ಪಿರಲಿಲ್ಲ. ತಪ್ಪು ನೂಲಿನಲ್ಲಿತ್ತು, ನೂಲಿಗೆ ಬಣ್ಣ ಹಾಕಿದವನು ಅವಳ ಗಂಡ.

ಅಕ್ಕಪಕ್ಕದ ಮಗ್ಗದವರು ಕೆಲಸ ಬಿಟ್ಟು ಬಂದು ನೋಡಿದರು. ಮದುಮಗನ ಕಣ್ಣಿಗೆ ಮಂಜು ಕವಿದಿದೆ ಎಂದಳೊಬ್ಬಳು. ಐವತ್ತನಾಲ್ಕರ ಮದುಮಗನಿಗೆ ಕವಿಯುವುದು ಮಂಜಲ್ಲ ಕಣೇ, ಪೊರೆ ಎಂದಳು ಇನ್ನೊಬ್ಬಳು. ಅವಳು ನಗಲಿಲ್ಲ. ಮದುವೆಯಾಗಿ ಎಂಟು ವಾರ ಆಗಿತ್ತು.

ಆ ಉಣ್ಣೆ ಗಿರಣಿಯಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಬಣ್ಣದ ಹಂಡೆಗಳ ಯಜಮಾನ. ತಕ್ಕಡಿಯಲ್ಲಿ ಬಣ್ಣ ತೂಗಿದರೂ ಕೊನೆಯ ತೀರ್ಪು ಅವನ ಕಣ್ಣಿನದೇ. ಒದ್ದೆ ನೂಲಿನ ಲಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಚಿಟಿಕೆ ನೀಲಿ, ಚಿಟಿಕೆ ಹಳದಿ ಎನ್ನುತ್ತಿದ್ದ. ಅವನ ಸೋಮವಾರದ ಹಸಿರನ್ನೂ ಶುಕ್ರವಾರದ ಹಸಿರನ್ನೂ ಹೆತ್ತ ತಾಯಿಯೂ ಬೇರೆ ಮಾಡಲಾರಳು ಎಂದು ಗಿರಣಿಯಲ್ಲಿ ಮಾತಿತ್ತು. ಈಗ ಹಾಸ್ಟೆಲಿನವರು ಕೇಳಿದ ಎಪ್ಪತ್ತು ಕಂಬಳಿಗಳಲ್ಲಿ ಹನ್ನೊಂದು ಪಟ್ಟೆ ಬಿದ್ದು ಮೂಲೆ ಸೇರಿದ್ದವು.

ಪ್ರತಿ ಕಟ್ಟಿಗೂ ಹಂಡೆ ಇಳಿಸಿದ ದಿನ, ಹೊತ್ತು ಬರೆದ ಚೀಟಿ ಇರುತ್ತದೆ. ಕೆಟ್ಟ ಕಟ್ಟುಗಳ ಚೀಟಿಗಳನ್ನು ಅವಳು ಬಿಚ್ಚಿ ಸಾಲಾಗಿ ಇಟ್ಟಳು. ಬುಧವಾರ ಮಧ್ಯಾಹ್ನ, ಶನಿವಾರ ಮಧ್ಯಾಹ್ನ, ಬುಧವಾರ, ಮತ್ತೆ ಬುಧವಾರ. ಒಂದೂ ಬೆಳಗಿನದಲ್ಲ, ಬೇರೆ ದಿನದ್ದು ಒಂದೂ ಇಲ್ಲ. ನೋಡುತ್ತಿದ್ದಂತೆ ಅವಳ ಕಿವಿ ಬಿಸಿಯಾಯಿತು.

ಅವರ ಮನೆಗೆ ಇದ್ದದ್ದು ಎರಡೇ ಕೋಣೆ, ನಡುವೆ ಹಲಗೆಯ ಗೋಡೆ. ಹಲಗೆಯ ಆಚೆ ಅತ್ತೆ ಮಲಗುತ್ತಾಳೆ. ಕಣ್ಣು ಮಂದ, ಕಿವಿ ಚುರುಕು. ವಾರಕ್ಕೆರಡು ದಿನ ಮಾತ್ರ ಮಂಡಿ ತಿಕ್ಕಿಸಿಕೊಳ್ಳಲು ಮಗಳ ಮನೆಗೆ ಹೋಗುತ್ತಾಳೆ, ಬುಧವಾರ ಮತ್ತು ಶನಿವಾರ. ಆ ಎರಡು ಮಧ್ಯಾಹ್ನ ಊಟದ ಬಿಡುವಿಗೆ ಅವಳು ಮನೆಗೆ ಬಂದರೆ ಹಿಂದೆಯೇ ಅವನೂ ಬರುತ್ತಿದ್ದ, ಮೂರಕ್ಕೆ ಮತ್ತೆ ಹಂಡೆಯ ಬಳಿಗೆ ಹೋಗುತ್ತಿದ್ದ.

ನನ್ನ ಹತ್ತಿರ ಬಂದು ಹೋದ ದಿನ ಈ ಮನುಷ್ಯನ ಕೈ ಕೆಡುತ್ತದೆ ಎಂದು ಅವಳು ಲೆಕ್ಕ ಹಾಕಿದಳು.

ಹಾಗೆ ಅನ್ನಿಸಲು ಕಾರಣವಿತ್ತು. ಆ ಮಧ್ಯಾಹ್ನಗಳಲ್ಲಿ ಅವನು ಬಾಗಿಲು ದಾಟಿದರೆ ಮುಖ ಒಲೆಯ ಮುಂದೆ ಕೂತು ಎದ್ದವನ ಹಾಗೆ ಕೆಂಪಗಿರುತ್ತಿತ್ತು. ಮೂಗು ಕಟ್ಟಿ ಮಾತು ಗೊಣಗೊಣ. ಕೈ ಮಾತ್ರ ಮೃದು. ಅವಳ ಬೆರಳುಗಳಲ್ಲಿ ನೂಲು ಕೊಯ್ದ ಗೀರುಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದ, ಆ ಗಳಿಗೆಗೆ ಅವಳು ಕರಗಿಯೂ ಬಿಡುತ್ತಿದ್ದಳು. ಎಲ್ಲ ಮುಗಿದದ್ದೇ ತಡ, ತಲೆ ಹಿಡಿದುಕೊಂಡು ಗೋಡೆಯ ಕಡೆ ತಿರುಗುತ್ತಿದ್ದ. ಏಳುವಾಗ ಅವಳ ಮುಖ ನೋಡುತ್ತಿರಲಿಲ್ಲ.

ಹೀಗೆ ಗೋಡೆಗೆ ತಿರುಗಿದ ಬೆನ್ನನ್ನು ಅವಳು ಹಿಂದೆಯೂ ಕಂಡಿದ್ದಳು. ಮೊದಲ ಗಂಡ ಹನ್ನೊಂದು ವರ್ಷ ಅದೇ ಬೆನ್ನು ತೋರಿಸಿ, ಕೊನೆಗೆ ನಿನ್ನನ್ನು ಮುಟ್ಟಿದರೆ ಒಣ ಸೌದೆ ಮುಟ್ಟಿದ ಹಾಗೆ ಎಂದಿದ್ದ. ಒಣ ಸೌದೆ ಎದ್ದು, ಬಟ್ಟೆ ಕಟ್ಟಿಕೊಂಡು, ಗಿರಣಿಯ ಹೆಂಗಸರ ವಸತಿಗೆ ಬಂದು ಸೇರಿತ್ತು. ಆ ಪಾಠವನ್ನು ಓದಿ ಪಾಸಾದವಳು ನಲವತ್ತೇಳರಲ್ಲಿ ಮತ್ತೆ ಅದೇ ತರಗತಿಯಲ್ಲಿ ಕೂರುವವಳಲ್ಲ. ವಸತಿಯ ಅವಳ ಕೋಣೆ ತಿಂಗಳ ಕೊನೆಯವರೆಗೆ ಖಾಲಿ ಇರುತ್ತದೆ ಎಂದು ಮೇಲ್ವಿಚಾರಕಿ ಹೇಳಿದ್ದಳು. ತಿಂಗಳು ಮುಗಿಯಲು ಇನ್ನು ಒಂಬತ್ತು ದಿನ ಇತ್ತು.

ಬಣ್ಣ ಯಾಕೆ ತಪ್ಪಿತು ಎಂದು ಶುಕ್ರವಾರ ಅವನನ್ನು ಕೇಳಿದಳು. ಬೆಳಕು ಸರಿಯಿರಲಿಲ್ಲ ಅಂದ. ಇಪ್ಪತ್ತಾರು ವರ್ಷ ಇದ್ದ ಬೆಳಕಿಗೆ ಈಗೇನು ಮುಪ್ಪು ಬಂತೇ ಎಂದಳು. ಅವನು ಎದ್ದು ಕೈ ತೊಳೆಯಲು ಹೋದ.

ಅವನನ್ನು ಬಿಡುವ ಮೊದಲು ಕಣ್ಣಿನ ಸಂಶಯವನ್ನಾದರೂ ತೀರಿಸಿಕೊಳ್ಳೋಣ ಎಂದು ಶನಿವಾರ ಬೆಳಿಗ್ಗೆ ರಜೆ ಹಾಕಿ ಆರೋಗ್ಯ ಕೇಂದ್ರಕ್ಕೆ ಹೋದಳು. ಡಾಕ್ಟರಮ್ಮ ಅವಳಿಗಿಂತ ಚಿಕ್ಕವಳು, ಅವಳಿಗಿಂತ ಒಣ ಮಾತಿನವಳು. ಬಣ್ಣ ತಪ್ಪುವುದು ದಿನವಿಡೀಯೋ ಕೆಲವು ಗಂಟೆಯೋ ಎಂದು ಕೇಳಿದರು. ಕೆಲವು ಗಂಟೆ ಎಂದಳು. ಮುಖ ಕೆಂಪಾಗುತ್ತದೆಯೇ, ಮೂಗು ಕಟ್ಟುತ್ತದೆಯೇ, ತಲೆನೋವು ಇದೆಯೇ ಎಂದರು. ಇವರು ನಮ್ಮ ಮನೆಯ ಕಿಟಕಿಯಲ್ಲಿ ನಿಂತು ನೋಡಿದ್ದಾರೆಯೇ ಎಂದು ಅವಳಿಗೆ ಗಾಬರಿಯಾಯಿತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಗಂಡಸುತನಕ್ಕೆ ಏನಾದರೂ ತಗೊಳ್ತಿದಾರಾ ಎಂದು ಕೇಳಿದರು.

ಅವಳಿಗೆ ಗೊತ್ತಿರಲಿಲ್ಲ. ಆದರೆ ಅವನ ಅಕ್ಕನ ಗಂಡ, ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತನಾದ ದೊಡ್ಡಮನುಷ್ಯ, ಬೇರಿನ ಪುಡಿ ತುಂಬಿದ ಕ್ಯಾಪ್ಸೂಲುಗಳನ್ನು ಡಬ್ಬಿಯಲ್ಲಿ ಮಾರುತ್ತಿದ್ದದ್ದು ಗೊತ್ತಿತ್ತು. ಡಬ್ಬಿಯ ಮೇಲೆ ಹಾರುವ ಕುದುರೆ. ನೂರಕ್ಕೆ ನೂರು ಗಿಡಮೂಲಿಕೆ, ಸೈಡ್ ಎಫೆಕ್ಟ್ ಎಂಬ ಮಾತೇ ಇಲ್ಲ ಎಂದು ಕಂಡಕಂಡವರಿಗೆ ಹೇಳುತ್ತಿದ್ದ.

ಡಾಕ್ಟರಮ್ಮ ಮೂಗಿನಲ್ಲೇ ನಕ್ಕರು. ಅಂಥ ಎಷ್ಟೋ ಡಬ್ಬಿಗಳಲ್ಲಿ ಬೇರಿನ ಜೊತೆ ಕಾರ್ಖಾನೆಯ ಮಾತ್ರೆಯನ್ನೇ ಅರೆದು ಸೇರಿಸಿರುತ್ತಾರೆ, ಎಷ್ಟೆಂದು ಅರೆದವನಿಗೂ ತಿಳಿದಿರುವುದಿಲ್ಲ ಎಂದರು. ಆ ಔಷಧಿ ಕೆಟ್ಟದ್ದಲ್ಲ; ಪರೀಕ್ಷೆ ಮಾಡಿ, ಅಳತೆ ನೋಡಿ ಕೊಟ್ಟರೆ ಎಷ್ಟೋ ಸಂಸಾರಗಳಿಗೆ ನೆಮ್ಮದಿ. ಅಳತೆ ಮೀರಿದರೆ ಕೆಲವರಿಗೆ ನಾಲ್ಕಾರು ಗಂಟೆ ಲೋಕಕ್ಕೆಲ್ಲ ನೀಲಿ ನೀರು ಚೆಲ್ಲಿದ ಹಾಗೆ ಕಾಣುತ್ತದೆ. ಎಲ್ಲದರಲ್ಲೂ ನೀಲಿ ಹೆಚ್ಚಾಗಿ ಕಂಡವನು ಹಂಡೆಗೆ ಹಳದಿ ಸುರಿಯದೆ ಇನ್ನೇನು ಮಾಡುತ್ತಾನೆ?

ಆಮೇಲೆ ಹೇಳಿದ್ದನ್ನು ಡಾಕ್ಟರಮ್ಮ ಎರಡು ಸಲ ಹೇಳಿದರು. "ಎರಡು ವರ್ಷದ ಹಿಂದೆ ಎದೆನೋವಿಗೆ ನಾನೇ ಅವರಿಗೆ ಸಣ್ಣ ಮಾತ್ರೆ ಕೊಟ್ಟಿದೀನಿ, ನಾಲಿಗೆ ಕೆಳಗೆ ಇಡೋದು. ಅದೂ ಇದೂ ಒಂದೇ ಮೈಯಲ್ಲಿ ಸೇರಿದ್ರೆ ಬಿ.ಪಿ. ಹಗ್ಗ ಹರಿದ ಕೊಡದ ಥರ ಬಾವಿಗೆ ಬೀಳುತ್ತೆ. ಎದೆ ನೋವು ಅಂದ್ರೆ ಆ ಮಾತ್ರೆ ಇಡೋಕೆ ಬಿಡಬೇಡಿ. ನೇರ ಇಲ್ಲಿಗೆ ಕರ್ಕೊಂಡು ಬಂದು, ಏನು ನುಂಗಿದಾರೆ ಅಂತ ಮೊದಲ ಮಾತಲ್ಲೇ ಹೇಳಿ."

ಹೊರಗೆ ಬಂದಾಗ ಗಡಿಯಾರದಲ್ಲಿ ಹನ್ನೆರಡೂವರೆ. ಅವತ್ತು ಶನಿವಾರ ಎಂಬುದು ನೆನಪಾಗಿ ಅವಳು ಹೆಜ್ಜೆ ಜೋರು ಮಾಡಿದಳು.

ಅವನು ಮಂಚದ ಅಂಚಿನಲ್ಲಿ ಕೂತಿದ್ದ. ಮುಖ ಕೆಂಪು, ಹಣೆ ತುಂಬ ಬೆವರು. ಒಂದು ಕೈ ಎದೆಯ ಮೇಲೆ, ಇನ್ನೊಂದು ಕೈಯಲ್ಲಿ ಸಣ್ಣ ಸೀಸೆ. ಹಲ್ಲಿನಿಂದ ಮುಚ್ಚಳ ತಿರುಗಿಸುತ್ತಿದ್ದ. ಅವಳು ಕಿತ್ತುಕೊಂಡಳು.

"ಇವತ್ತು ಏನು ನುಂಗಿದ್ರಿ?"

"ಏನೂ ಇಲ್ಲ. ಕೊಡು, ಎದೆ ಉರೀತಿದೆ."

"ಕುದುರೆ ಡಬ್ಬಿಯದು ನುಂಗಿದೀರಾ ಇಲ್ವಾ? ಅದರ ಮೇಲೆ ಇದನ್ನ ಇಟ್ರೆ ಸಾಯ್ತೀರಿ. ಡಾಕ್ಟರಮ್ಮ ಹೇಳಿದಾರೆ."

"ಇಲ್ಲ ಅಂದೆನಲ್ಲ."

ಅವನು ಅವಳ ಕಣ್ಣನ್ನು ನೋಡಿಯೇ ಹೇಳಿದ. ಸಾಯಲು ಸಿದ್ಧ, ಹೌದು ಎನ್ನಲು ಸಿದ್ಧನಲ್ಲ. ಎಂಥ ಜಾತಿಯಪ್ಪ ಇದು ಎಂದು ಅವಳಿಗೆ ಹೇಸಿಗೆಯಾಯಿತು. ರಾಟೆಯ ಮೇಲಿದ್ದ ಬಣ್ಣ ಕಾಣದ ಬಿಳಿ ಲಡಿಯನ್ನು ತೆಗೆದು ಅವನ ಮುಖದ ಮುಂದೆ ಹಿಡಿದಳು. ಅವನು ಹುಬ್ಬು ಗಂಟಿಕ್ಕಿದ. ನೋವಿನ ನಡುವೆಯೂ ಕಸುಬು ಬಾಯಿ ಬಿಟ್ಟಿತು.

"ಇದಕ್ಕೆ ಯಾರು ನೀಲಿ ತಾಗಿಸಿದ್ದು?"

ಅವಳು ಲಡಿಯನ್ನು ಕೆಳಗಿಳಿಸಲಿಲ್ಲ. ಅವನು ಲಡಿಯನ್ನು ಮತ್ತೆ ನೋಡಿದ, ಅವಳನ್ನು ನೋಡಿದ, ತಲೆ ತಗ್ಗಿಸಿದ.

"ಮೂರು. ಹನ್ನೊಂದು ಗಂಟೆಗೆ," ಎಂದ. "ಭಾವ ಹೇಳಿದ್ದು ಒಂದು. ಒಂದು ಸಾಲದು ಅಂತ..."

ಗಿರಣಿಯ ನೂಲಿನ ವ್ಯಾನು ಬೀದಿಯಲ್ಲೇ ನಿಂತಿತ್ತು. ಅವನನ್ನು ಉಣ್ಣೆಯ ಮೂಟೆಗಳ ನಡುವೆ ಒರಗಿಸಿದಳು. ದಾರಿಯಲ್ಲಿ ಅವನು ಕೇಳಿಕೊಂಡದ್ದು ಒಂದೇ, ಡ್ರೈವರಿನ ಎದುರು ಹೇಳಬೇಡ ಎಂದು. ಕೇಂದ್ರದ ಬಾಗಿಲಲ್ಲಿ ಡ್ರೈವರು, ನರ್ಸು, ಕೆಮ್ಮುತ್ತ ಸಾಲಿನಲ್ಲಿ ಕೂತ ಏಳೆಂಟು ಜನ, ಎಲ್ಲರ ಎದುರೂ ಅವಳು ಗಟ್ಟಿಯಾಗಿ ಹೇಳಿದಳು. ಕುದುರೆ ಡಬ್ಬಿ, ಮೂರು ಕ್ಯಾಪ್ಸೂಲು, ಹನ್ನೊಂದು ಗಂಟೆಗೆ. ಸಣ್ಣ ಮಾತ್ರೆ ಇಟ್ಟಿಲ್ಲ. ಅವನು ಕಣ್ಣು ಮುಚ್ಚಿಕೊಂಡ.

ತಂತಿ ಅಂಟಿಸಿ ಎದೆಯ ಬಡಿತ ಬರೆಸಿದರು, ರಕ್ತವನ್ನು ಎರಡು ಸಲ ತೆಗೆದರು. ನಾಲ್ಕು ಗಂಟೆಯ ಹೊತ್ತಿಗೆ ಡಾಕ್ಟರಮ್ಮ ಬಂದು, ಹೃದಯ ಸದ್ಯಕ್ಕೆ ನೆಟ್ಟಗಿದೆ, ಉರಿದದ್ದು ಹೊಟ್ಟೆಯ ಹುಳಿ, ಅದೂ ಕುದುರೆಯ ಕೃಪೆಯೇ ಎಂದರು. ಸಣ್ಣ ಮಾತ್ರೆ ನಾಲಿಗೆಯಡಿ ಹೋಗಿದ್ದರೆ ತಾನು ಈಗ ಬರೆಯಬೇಕಾಗಿದ್ದದ್ದು ಬೇರೆ ಕಾಗದ ಎಂದೂ ಹೇಳಿದರು. ನಾಳೆಯವರೆಗೆ ಮಲಗಿರಬೇಕು. ಈ ಬಲಹೀನತೆ ಒಮ್ಮೊಮ್ಮೆ ಹೃದಯದ ರಕ್ತನಾಳಗಳು ಮುಂಚೆಯೇ ಕಳಿಸುವ ಸುದ್ದಿ. ಅದನ್ನು ಬಚ್ಚಿಡುವ ಬದಲು ಇಲ್ಲಿಗೆ ತರಬೇಕಿತ್ತು. ಪರೀಕ್ಷೆ ಮುಗಿಯುವ ತನಕ ಒಂದು ತಿಂಗಳು ಎಲ್ಲಕ್ಕೂ ರಜೆ ಎಂದು ಹೇಳಿ ಹೋದರು.

ಅಷ್ಟರಲ್ಲಿ ಭಾವ ಕಿತ್ತಳೆಯ ಚೀಲ ಹಿಡಿದು ಬಂದ. ಡಬ್ಬಿಯದು ಏನೂ ತಪ್ಪಿಲ್ಲ, ಶುದ್ಧ ಬೇರು, ಮೂರು ನುಂಗಿದ್ದು ಇವನ ಅವಸರ ಎಂದು ಅರ್ಧ ಗಂಟೆ ಉಪದೇಶ ಮಾಡಿದ. ಅವಳು ಗಂಡನ ಜೇಬಿನಿಂದ ಡಬ್ಬಿ ತೆಗೆದು ಭಾವನ ಅಂಗೈಗೆ ಒಂದು ಕ್ಯಾಪ್ಸೂಲು ಹಾಕಿದಳು, ಲೋಟದಲ್ಲಿ ನೀರೂ ಕೊಟ್ಟಳು.

"ಬೇರು ತಾನೇ ಅಣ್ಣ, ನುಂಗಿ. ಡಾಕ್ಟರಮ್ಮ ಇಲ್ಲೇ ಇದಾರೆ."

ಭಾವ ಕ್ಯಾಪ್ಸೂಲನ್ನು ನೋಡಿದ, ಬಾಗಿಲನ್ನು ನೋಡಿದ. "ನನಗೆ ಬಿ.ಪಿ. ಇದೆಯಲ್ಲಮ್ಮ," ಎಂದ.

ಪಕ್ಕದ ಮಂಚದ ಮುದುಕಿ ಮಗ್ಗುಲು ಬದಲಿಸಿ ನಕ್ಕಳು. ಡಾಕ್ಟರಮ್ಮ ಭಾವನನ್ನು ಹೊರಗಿನ ಕೋಣೆಯಲ್ಲಿ ಕೂರಿಸಿ, ಮನೆಯಲ್ಲಿದ್ದ ಉಳಿದ ಡಬ್ಬಿಗಳ ಲೆಕ್ಕ ಕೇಳತೊಡಗಿದರು. ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಕೇಳಿದವನಿಗೆ ಉತ್ತರ ಕೊಡುವ ರೂಢಿ ತಪ್ಪಿಹೋಗಿತ್ತು.

ಈಗ ಮಂಚದ ಬಳಿ ಇಬ್ಬರೇ. ಅವನು ಸೂರು ನೋಡುತ್ತ ಮಲಗಿದ್ದ. ಅವಳು ಸ್ಟೂಲಿನ ಮೇಲೆ ಕೂತು ಕಿತ್ತಳೆ ಸುಲಿದಳು, ಅವನಿಗೆ ಕೊಡಲಿಲ್ಲ, ತಾನೇ ತಿಂದಳು.

"ಊರ ಎದುರು ನನ್ನ ಮಾನ ತೆಗೆದೆ," ಎಂದ ಅವನು, ಮೆಲ್ಲಗೆ.

"ಪ್ರಾಣಕ್ಕಿಂತ ಅಗ್ಗಕ್ಕೆ ಸಿಕ್ತು, ತೆಗೆದೆ." ಸಿಪ್ಪೆಯನ್ನು ಬಕೆಟಿಗೆ ಎಸೆದಳು. "ನನ್ನ ಮುಟ್ಟೋಕೆ ಔಷಧಿ ಬೇಕಾಗುವಷ್ಟು ಅಸಹ್ಯವಾಗಿದೀನಾ? ನೇರವಾಗಿ ಹೇಳಿ. ವಸತೀಲಿ ಕೋಣೆ ಖಾಲಿ ಇದೆ, ಹೋಗ್ತೀನಿ."

ಅವನು ಏಳಲು ಹೋದ. ಎದೆಗೆ ಅಂಟಿಸಿದ ತಂತಿ ಜಗ್ಗಿತು.

"ಅಸಹ್ಯಾನಾ? ಮೊದಲ ಬುಧವಾರ ನನ್ನ ಕೈಲಿ ಆಗಲಿಲ್ಲ, ನೆನಪಿದೆಯಾ? ನೀನು ಏನೂ ಅನ್ನಲಿಲ್ಲ. ಅದಕ್ಕೇ ಹೆದರಿಕೆ ಆಯ್ತು. ಗಿರಣೀಲಿ ನೀನು ಏನೂ ಅನ್ನದೆ ಬಿಟ್ಟಿದ್ದು ಯಾವುದಿದೆ? ಬೈಯೋಕೂ ಲಾಯಕ್ಕಿಲ್ಲ ಇವನು ಅಂತ ನೀನು ಅಂದುಕೊಂಡಿದೀಯ ಅಂತ ತಿಳಿದೆ."

ಅವಳ ಬಾಯಲ್ಲಿದ್ದ ತೊಳೆ ಅಲ್ಲೇ ನಿಂತಿತು. ಆ ದಿನ ಅವಳು ಸುಮ್ಮನಿದ್ದದ್ದು, ತಪ್ಪು ತನ್ನ ಒಣ ಮೈಯದು ಎಂದು. ಎಂಟು ವಾರ ಇಬ್ಬರೂ ಒಂದೇ ಮಂಚದಲ್ಲಿ ಮಲಗಿ ತಂತಮ್ಮ ಮೇಲೆ ಬೇರೆಬೇರೆಯಾಗಿ ಉಗಿದುಕೊಂಡಿದ್ದರು. ಎಷ್ಟು ದಡ್ಡತನ. ಅವಳಿಗೆ ಅವನ ಮೇಲಿದ್ದ ತಾತ್ಸಾರದಲ್ಲಿ ಅರ್ಧದಷ್ಟು ತನ್ನ ಕಡೆಗೇ ತಿರುಗಿತು.

"ಮತ್ತೆ ಗೋಡೆ ಕಡೆ ತಿರುಗ್ತಿದ್ದುದು?"

"ತಲೆ ಸಿಡೀತಿತ್ತು. ಮುಖ ನೋಡಿದ್ರೆ ನಿನಗೆ ಗೊತ್ತಾಗಿಬಿಡುತ್ತೆ ಅಂತ."

"ಗಂಡಸಾಗೋಕೆ ಹೋಗಿ ಹೆಣ ಆಗ್ತಿದ್ದೆ," ಎಂದಳು. ಬಹುವಚನ ಎಲ್ಲೋ ಬಿದ್ದುಹೋಗಿತ್ತು. "ಕೈಲಾಗದಿದ್ರೆ ಆಗಲ್ಲ ಅನ್ನು. ಇಬ್ಬರೂ ಸೇರಿ ಆ ಡಾಕ್ಟರಮ್ಮನ ಮುಂದೆ ಕೂತು ಬೈಸಿಕೊಳ್ಳೋಣ. ನಾನು ಮದುವೆ ಆಗಿದ್ದು ಕುದುರೇನಲ್ಲ."

ಅವನು ನಕ್ಕ. ನಕ್ಕದ್ದಕ್ಕೆ ಯಂತ್ರದ ಗೆರೆ ಒಂದು ಸಲ ಜಿಗಿಯಿತು. ಅವಳು ಬೆಚ್ಚಿ ಗೆರೆಯನ್ನೇ ದಿಟ್ಟಿಸಿದಳು, ಅದು ಮತ್ತೆ ಸಮಕ್ಕೆ ಬರುವವರೆಗೆ ಉಸಿರು ಬಿಡಲಿಲ್ಲ. ಅವನು ಯಂತ್ರವನ್ನು ನೋಡಲಿಲ್ಲ, ಅವಳನ್ನು ನೋಡುತ್ತಿದ್ದ.

"ಒಂದು ತಿಂಗಳು ರಜೆ ಅಂದ್ರಲ್ಲ," ಎಂದ. "ಏನು ಮಾಡೋದು ಆ ಮಧ್ಯಾಹ್ನಗಳಲ್ಲಿ?"

"ಮಾತಾಡು. ಇಷ್ಟು ದಿನ ಬಾಯಿಗೆ ಬೀಗ ಹಾಕಿದ್ದೆಯಲ್ಲ."

ಅವಳು ಚಪ್ಪಲಿ ಬಿಟ್ಟು ಮಂಚ ಹತ್ತಿ, ತಂತಿಗಳನ್ನು ಒಂದು ಕಡೆ ಸರಿಸಿ ಅವನ ಪಕ್ಕದಲ್ಲಿ ಉದ್ದಕ್ಕೆ ಮಲಗಿದಳು. ಮಂಚ ಒಬ್ಬರಿಗೆ ಮಾಡಿದ್ದು. ಹಗಲ ಬೆಳಕಿನಲ್ಲಿ, ಹತ್ತು ಜನರ ವಾರ್ಡಿನಲ್ಲಿ. ನರ್ಸು ಬಂದು ಬಾಯಿ ತೆರೆದವಳು ಅವಳ ಮುಖ ನೋಡಿ ಪರದೆ ಎಳೆದು ಹೋದಳು.

"ನೀನು ಮೂರು ವರ್ಷದ ಹಿಂದೆ ಒಂದು ಕೆಂಪು ಲಡೀನ ನನ್ನ ಮೇಜಿನ ಮೇಲೆ ಎಸೆದಿದ್ದೆ," ಎಂದು ಅವನು ಶುರುಮಾಡಿದ. "ಇದನ್ನ ಕೆಂಪು ಅಂತೀರಾ ಅಂತ ಕೇಳಿದ್ದೆ. ಅಲ್ಲಿತನಕ ಯಾರೂ ನನ್ನ ಬಣ್ಣ ವಾಪಸ್ ತಂದಿರಲಿಲ್ಲ. ಎಷ್ಟು ಕೋಪ ಬಂತು ಅಂದ್ರೆ ವಾರ ಪೂರ್ತಿ ನಿನ್ನ ಮಗ್ಗದ ಮುಂದೇನೇ ಓಡಾಡಿದೆ. ಎರಡನೇ ವಾರ ಕೋಪ ಇರಲಿಲ್ಲ. ಓಡಾಟ ನಿಲ್ಲಲಿಲ್ಲ."

ಅವಳು ಅವನ ಭುಜದಲ್ಲಿ ಮುಖವಿಟ್ಟಿದ್ದಳು.

"ಕೆಂಪಾಗಿರಲಿಲ್ಲ ಅದು," ಎಂದಳು.

"ಇರಲಿಲ್ಲ," ಎಂದ ಅವನು. "ಆವತ್ತೇ ಗೊತ್ತಿತ್ತು ನಂಗೆ."